ದೀಪದ ಸುತ್ತ ಕಂಡ ಬಣ್ಣದ ಬಳೆ

ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಕಲ್ಯಾಣ ಮಂಟಪವಿದೆ. ಅದರೊಳಗೆ, ಬಾಗಿಲಿಗೆ ಹತ್ತಿರದ ಕಂಬಕ್ಕೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಕಳೆದ ಶ್ರಾವಣದ ಕೊನೆಯ ಸೋಮವಾರ, ಸಂಜೆ. ಹೊರಗೆ ಇನ್ನೂ ಬೆಳಕಿತ್ತು. ಒಳಗೆ ಕಿಟಕಿಗಳಿಗೆ ಪರದೆ ಎಳೆದಿದ್ದರು. ಚನ್ನಮಲ್ಲಪ್ಪ ನನ್ನಿಂದ ಒಂದು ಮಾರು ದೂರದಲ್ಲಿ ಕೂತಿದ್ದ. ನಡುವೆ ಯಾರೂ ಇರಲಿಲ್ಲ. ಹಾಗಾಗಿ ನಾನು ಹೇಳುತ್ತಿರುವುದು ಕೇಳಿದ್ದಲ್ಲ, ಕಂಡದ್ದು.

ಇಷ್ಟು ಬಿಗಿಯಾಗಿ ಯಾಕೆ ಹೇಳುತ್ತಿದ್ದೇನೆ? ಆ ಸಂಜೆಯ ಬಗ್ಗೆ ಈಗ ಇಂಡಿಯಲ್ಲಿ ಒಂದು ಕತೆ, ಮುದ್ದೇಬಿಹಾಳದಲ್ಲಿ ಇನ್ನೊಂದು ಕತೆ ಓಡಾಡುತ್ತಿದೆ. ಮುಳವಾಡದವರ ಕತೆಯಲ್ಲಂತೂ ಚನ್ನಮಲ್ಲಪ್ಪ ನೆಲ ಬಿಟ್ಟು ಮೇಲೆದ್ದಿದ್ದಾನೆ! (ಎದ್ದಿರಲಿಲ್ಲ. ಅವನ ಮಂಡಿನೋವಿಗೆ ಕೂತಲ್ಲಿಂದ ಏಳಿಸಲು ಯಾರಾದರೂ ಕೈ ಕೊಡಬೇಕಿತ್ತು.)

ಚನ್ನಮಲ್ಲಪ್ಪ ಸಿಂದಗಿಯವನು, ನಮ್ಮ ಓಣಿಯವನು. ಸ್ವಂತ ಕ್ರೂಸರ್ ಇಟ್ಟುಕೊಂಡು ಸಿಂದಗಿ–ಇಂಡಿ ನಡುವೆ ಓಡಿಸುತ್ತಿದ್ದ. ಸೋಮವಾರ ಮಾತ್ರ ಮಧ್ಯಾಹ್ನವೇ ಗಾಡಿ ನಿಲ್ಲಿಸಿ, ನನ್ನನ್ನೂ ಹೆಂಡತಿ ನೀಲವ್ವನನ್ನೂ ಕೂರಿಸಿಕೊಂಡು ಬಾಗೇವಾಡಿಯ ಧ್ಯಾನದ ಕ್ಲಾಸಿಗೆ ಬರುತ್ತಿದ್ದ. ಕ್ಲಾಸಿನಲ್ಲಿ ಎಲ್ಲ ಬಗೆಯವರೂ ಇದ್ದೆವು. ಮುದ್ದೇಬಿಹಾಳದ ಶಾಂತಾ ಟೀಚರ್ ಬರುತ್ತಿದ್ದರು. ಇಂಡಿಯ ಬಟ್ಟೆ ವ್ಯಾಪಾರಿ ರುಕ್ಮುದ್ದೀನ್ ಬರುತ್ತಿದ್ದ. ("ನಮ್ಮ ಅಜ್ಜ ದರ್ಗಾದಾಗ ಕಣ್ಣು ಮುಚ್ಚಿ ಕೂಡತಿದ್ದ, ನಾ ಇಲ್ಲಿ ಕಣ್ಣು ತಗದು ಕೂಡತೇನಿ, ಏನ್ ಫರಕ್ ಐತಿ?" ಎನ್ನುತ್ತಿದ್ದ.)

ಕಲಿಸುವ ಗುರುಗಳು ಬೇರೆ ಕಡೆಯಿಂದ ಬಂದವರು. ಸಾಧು ಮನುಷ್ಯ, ಸಿಟ್ಟಾದದ್ದನ್ನು ನಾನು ನೋಡಿಲ್ಲ. ಅವರು ಹೇಳುತ್ತಿದ್ದುದು ಇಷ್ಟು: ನಾವು ನೋಡುವ ಈ ಜಗತ್ತು ಒಂದು ಪದರ ಮಾತ್ರ. ಇದರ ಹಿಂದೆ ಪದರದ ಮೇಲೆ ಪದರವಿದೆ. ಪ್ರಜ್ಞೆ ಹಿಗ್ಗಿದಂತೆ ಒಂದೊಂದೇ ತೆರೆಯುತ್ತದೆ. ಸಾಧನೆ ಹೇಗೆ? ಕತ್ತಲು ಮಾಡಿ ಮುಂದೆ ಒಂದು ದೀಪ ಇಡುವುದು. ಲಿಂಗ ಕಟ್ಟಿಕೊಂಡವರು ಅಂಗೈಯಲ್ಲಿ ಲಿಂಗ ಇಟ್ಟು, ತಲೆ ಬಾಗಿಸಿ, ರೆಪ್ಪೆ ಮಿಟುಕಿಸದೆ ನೋಡುವುದು. ಉಳಿದವರು ದೀಪವನ್ನೇ ನೋಡುವುದು.

ಮುಗಿದ ಮೇಲೆ ಒಂದು ರೂಢಿ. ಗುರುಗಳು ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ಏನು ಕಂಡಿತು?"

ಓದುಗರೇ, ಇಂಥ ಪ್ರಶ್ನೆಗೆ "ಏನೂ ಕಾಣಲಿಲ್ಲ" ಎನ್ನುವುದು ಎಷ್ಟು ಕಷ್ಟ ಗೊತ್ತೆ? ಪಕ್ಕದವರಿಗೆ ಕಮಲ ಕಂಡಿರುತ್ತದೆ. ಅವರ ಪಕ್ಕದವರಿಗೆ ಹಿಮಾಲಯ. ನಾವು ಮಾತ್ರ ಬರಿಗೈಯಲ್ಲಿ ಮನೆಗೆ ಹೋಗುವುದೆ? ನನಗೂ ಎರಡು ಸಲ "ಒಂಥರಾ ಬೆಳಕು" ಕಂಡಿತ್ತು. ರುಕ್ಮುದ್ದೀನ್ ಒಬ್ಬನೇ ಸತ್ಯವಂತ: "ಸೊಳ್ಳಿ ಬಿಟ್ರ ಬ್ಯಾರೇ ಲೋಕ ಏನೂ ಕಾಣಲಿಲ್ರಿ ಗುರುಗಳ."

ಆ ಸೋಮವಾರ ಚನ್ನಮಲ್ಲಪ್ಪನ ಸರದಿ ಬಂತು. ಅವನು ಕಣ್ಣೊರೆಸಿಕೊಂಡ. ಒಂದೇ ಸಮನೆ ನೀರು ಸುರಿಯುತ್ತಿತ್ತು.

"ದೀಪದ ಸುತ್ತ ಬಳಿ ಬಳಿ ಕಾಣಾಕತ್ತಾವ್ರಿ. ಹೆಂಗಸರ ಕೈಬಳಿ ಹಂಗ. ಒಳಗ ನೀಲಿ, ಹೊರಗ ಕೆಂಪು. ಈಗೂ ಅದಾವ ನೋಡ್ರಿ."

ನಮ್ಮ ಕಮಲ, ಹಿಮಾಲಯಗಳ ಮಟ್ಟದ ಮಾತಲ್ಲ ಇದು. ಅವನು ಬೆರಳು ಮಾಡಿ ತೋರಿಸುತ್ತಿದ್ದ. ಸುಳ್ಳು ಹೇಳುವವನು ಹಾಗೆ ತೋರಿಸುವುದಿಲ್ಲ. ಅವನು ಸುಳ್ಳು ಹೇಳಿರಲಿಲ್ಲ. ಬಳೆಗಳು ನಿಜವಾಗಿಯೂ ಕಂಡಿದ್ದವು.

ಗುರುಗಳು ಕೈ ಮುಗಿದರು. "ಇದು ಎರಡನೆಯ ಪದರ. ಬಾಗಿಲು ತೆರೆಯುತ್ತಿದೆ," ಎಂದರು.

ಚನ್ನಮಲ್ಲಪ್ಪ ಹಣೆ ಒತ್ತಿಕೊಂಡು, "ತಲಿ ಒಡದು ಹೊಂಟೈತ್ರಿ," ಎಂದ. ಹೊರಗೆ ಹೋಗಿ ಗೋಡೆ ಹಿಡಿದು ವಾಂತಿ ಮಾಡಿದ. ಅದಕ್ಕೂ ಉತ್ತರವಿತ್ತು: ಶಕ್ತಿ ನೆತ್ತಿಗೆ ಏರುವಾಗ ಹೀಗಾಗುತ್ತದೆ. ಕಣ್ಣೀರಿಗೆ? ಆನಂದಬಾಷ್ಪ. ನಾವು ಸುತ್ತ ನಿಂತು ತಲೆಯಾಡಿಸಿದೆವು.

ತಲೆಯಾಡಿಸದವಳು ನೀಲವ್ವ. ಬಾಗಿಲಿಗೆ ಮರಳಿದ ಗಂಡನ ಗದ್ದ ಹಿಡಿದು, ಮುಖವನ್ನು ಹೊರಗಿನ ಬೆಳಕಿಗೆ ತಿರುಗಿಸಿದಳು.

"ಕಣ್ಣ ನೋಡ್ರಿ, ಕೆಂಡ ಆಗೈತಿ. ಕರಿಗುಡ್ಡಿ ಮ್ಯಾಲ ಹಬಿ ಕೂತಂಗ ಐತಿ. ನಾ ನಾಳೆ ಇವರನ್ನ ವಿಜಯಪುರದ ದವಾಖಾನಿಗೆ ಕರಕೊಂಡು ಹೋಗ್ತೇನಿ."

ಶಾಂತಾ ಟೀಚರ್ ಅವಳ ಭುಜದ ಮೇಲೆ ಕೈ ಇಟ್ಟರು. ಮೆತ್ತಗೇ ಅಂದರು: "ನೀಲವ್ವಾ, ಇಂಥಾ ಹೊತ್ತಿನ್ಯಾಗ ನೀ ಮಾಯಾ ಆಗಿ ಅಡ್ಡ ನಿಂದರಬ್ಯಾಡ."

ನಮ್ಮ ಸೀಮೆಯಲ್ಲಿ ಈ ಒಂದು ಮಾತು ಸಾಕು. ಬಾಗೇವಾಡಿಯ ನೆಲದಲ್ಲಿ ನಿಂತು ಯಾವ ಹೆಂಗಸು ತಾನು ಗಂಡನಿಗೆ ಮಾಯೆಯಾದೆ ಎಂದು ಒಪ್ಪಿಕೊಳ್ಳುತ್ತಾಳೆ? ನೀಲವ್ವ ಗದ್ದದಿಂದ ಕೈ ತೆಗೆದಳು. ಸೆರಗು ಹೊದ್ದುಕೊಂಡು ಹಿಂದೆ ಸರಿದಳು.

ಅವಳು ತೋರಿಸಿದ ಕಣ್ಣನ್ನು ನಾನೂ ನೋಡಿದೆ. ಕೆಂಪಿತ್ತು. ಗುಡ್ಡೆ ಮಸುಕಾಗಿತ್ತು. ನನಗೆ ಅದು ಶಾಂತಿ ತುಂಬಿದ ನೋಟದಂತೆ ಕಂಡಿತು.

ಆಮೇಲೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಲಾಯಿತು. ಮುಳವಾಡದಿಂದ ಜನ ಬಂದು ಕಾಲು ಮುಟ್ಟಿದರು. ಅವನಿಗೆ ನಾಚಿಕೆ, ಹಿಗ್ಗು ಎರಡೂ. ತಲೆನೋವು ಬಂದು ಬಂದು ಹೋಗುತ್ತಿತ್ತು. ಒಮ್ಮೆ ಸಂಜೆ ಗಾಡಿ ಓಡಿಸುತ್ತಾ ನನಗೆ ಹೇಳಿದ: "ಎದುರಿಗೆ ಬರೋ ಲಾರಿ ಲೈಟಿಗೂ ಬಳಿ ಕಾಣತಾವ್ರಿ ಈಗ. ಎಲ್ಲಾದರಾಗೂ ದೇವರ ಅದಾನ ಅಂತಾರಲ್ಲ, ಖರೇ ನೋಡ್ರಿ."

ನಾನು "ಪುಣ್ಯವಂತ" ಎಂದೆ. ಹಿಂದಿನ ಸೀಟಿನಲ್ಲಿದ್ದ ನೀಲವ್ವ ಮುಂದಕ್ಕೆ ಬಗ್ಗಿ ರಸ್ತೆ ನೋಡತೊಡಗಿದಳು.

ದೀಪಾವಳಿ ಕಳೆದ ಮೇಲೆ, ಹಾಡೇ ಹಗಲು, ಸಿಂದಗಿ ಬಸ್ ಸ್ಟ್ಯಾಂಡಿನ ಮುಂದೆ ಚನ್ನಮಲ್ಲಪ್ಪನ ಗಾಡಿ ಬಲಗಡೆ ನಿಂತಿದ್ದ ತಳ್ಳುಗಾಡಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. "ಅಲ್ಲಿ ಏನೂ ಇರಲಿಲ್ಲಲ್ಲೋ ಯಪ್ಪಾ," ಎನ್ನುತ್ತಾ ಅವನು ಇಳಿದ. ನೀಲವ್ವ ಈ ಸಲ ಯಾರನ್ನೂ ಕೇಳಲಿಲ್ಲ. ನನಗೆ "ನಡೀರಿ" ಎಂದಳು. ಅವತ್ತೇ ವಿಜಯಪುರಕ್ಕೆ ಹೋದೆವು.

ಗ್ಲಾಕೋಮಾ. ನಮ್ಮ ಕಡೆ ಕೆಲವರು ಕಾಚಬಿಂದು ಎನ್ನುತ್ತಾರೆ. ಕಣ್ಣೊಳಗಿನ ನೀರು ಹರಿಯುವ ದಾರಿ ಕಟ್ಟಿ, ಒತ್ತಡ ಏರಿ, ನರ ಸಾಯುತ್ತದೆ. ಸತ್ತ ನರ ತಿರುಗಿ ಬರುವುದಿಲ್ಲ. ಬಲಗಣ್ಣು ಹೋಗಿತ್ತು. ಎಡಗಣ್ಣನ್ನು ಅರ್ಧ ಉಳಿಸಿಕೊಟ್ಟರು. ಡಾಕ್ಟರಮ್ಮನಿಗೆ ನಾನು ಎಲ್ಲವನ್ನೂ ಹೇಳಿದೆ. ಬಳೆ, ತಲೆನೋವು, ವಾಂತಿ, ಕತ್ತಲ ಮಂಟಪ.

"ಅವೆಲ್ಲಾ ಈ ರೋಗದ ಗುರುತ್ರಿ. ಇಂಥವರ ಕಣ್ಣಿಗೆ ಕತ್ತಲಿ ಅಂದ್ರ ವೈರಿ," ಎಂದರು. "ಬಳಿ ಕಂಡ ವಾರದಾಗ ಕರಕೊಂಡು ಬಂದಿದ್ರ ಎರಡೂ ಉಳೀತಿದ್ವು. ಮನ್ಯಾಗ ಯಾರೂ ನೋಡಲಿಲ್ಲೇನು?"

ನೀಲವ್ವ ನನ್ನ ಕಡೆ ನೋಡಲಿಲ್ಲ. ಕಿಟಕಿ ನೋಡುತ್ತಿದ್ದಳು.

ಇದನ್ನು ಬರೆದು ಧ್ಯಾನವನ್ನು ಹಳಿಯುವ ಉದ್ದೇಶ ನನಗಿಲ್ಲ. ಬೇರೆ ಪದರಗಳು ಇಲ್ಲವೆನ್ನಲು ನಾನು ಯಾರು? ಇರಬಹುದು. ಕಣ್ಣಿಗೆ ಕಂಡದ್ದೇ ಲೋಕವೆಲ್ಲ ಎಂದು ಈ ನೆಲದಲ್ಲಿ ಯಾರೂ ನಂಬಿಲ್ಲ. ಆದರೆ ಎದುರಿಗೆ ಕೂತವನ ಕಣ್ಣು ಕೆಂಪಾಗಿದೆ ಎಂಬುದೂ ಒಂದು ಪದರ ತಾನೆ? ಅದನ್ನು ನೋಡಲು ಎಷ್ಟು ಜನ್ಮದ ಸಾಧನೆ ಬೇಕು?

ಹೋದ ವಾರ ಅವನ ಮನೆಗೆ ಹೋಗಿದ್ದೆ. ಕ್ರೂಸರ್ ಮಾರಿಯಾಗಿದೆ. ಅವನು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ, ಅಂಗೈಯಲ್ಲಿ ಲಿಂಗವಿತ್ತು. ಬಾಯಿ ಸುಮ್ಮನಿರಬೇಕಲ್ಲ! "ಈಗ ಏನು ಕಾಣತೈತಿ?" ಎಂದುಬಿಟ್ಟೆ.

"ಸಾಕಾಗಲಿಲ್ಲೇನ್ರಿ ನಿಮಗ ಕೇಳಿದ್ದು?" ಒಳಗಿನಿಂದ ನೀಲವ್ವ.

ಅವನು ನಕ್ಕ. "ಏನೂ ಕಾಣೂದಿಲ್ರಿ. ಚಲೋ ಕೂಡಾಕ ಬರತೈತಿ. ಆವಾಗ ನಿಮಗೆಲ್ಲಾ ಹೇಳಾಕಂತ ಕೂಡತಿದ್ದೆ."

ಚಹಾ ಬಂತು. ನೀಲವ್ವ ಕಪ್ಪನ್ನು ಅವನ ಎಡಗಡೆ ಇಟ್ಟಳು, ಬೆರಳು ಹಿಡಿದು ಮುಟ್ಟಿಸಿದಳು.

ಬಾಗೇವಾಡಿಯಲ್ಲಿ ಕ್ಲಾಸು ಈಗಿಲ್ಲ; ಗುರುಗಳು ಬೇರೆ ಊರಿಗೆ ಹೋದರು. ಆ ಶ್ರಾವಣದ ಸಂಜೆ ಮಂಟಪದ ಬಾಗಿಲಲ್ಲಿ ಚನ್ನಮಲ್ಲಪ್ಪನ ಮುಖವನ್ನು ಬೆಳಕಿಗೆ ತಿರುಗಿಸಿದಾಗ ಹತ್ತಿರದಿಂದ ನೋಡಿದವರು ಇನ್ನೂ ಇದ್ದೇವೆ. ಸಿಂದಗಿಯ ನೀಲವ್ವ, ಮುದ್ದೇಬಿಹಾಳದ ಶಾಂತಾ ಟೀಚರ್, ಇಂಡಿಯ ರುಕ್ಮುದ್ದೀನ್, ನಾನು.

ನಮ್ಮೆಲ್ಲರ ಕಣ್ಣೂ ಚೆನ್ನಾಗಿವೆ.