ಇಂಜಿನಿಯರ್ ತಲೆಗೆ ರೇಣವ್ವನ ಬುಟ್ಟಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಧಾರವಾಡದ ಸಪ್ತಾಪುರದ ಓಣಿಯಲ್ಲಿ ರೇಣವ್ವ ತಲೆಗೆ ಬಟ್ಟೆಯ ಸಿಂಬೆ ಇಟ್ಟು, ಅದರ ಮೇಲೆ ಮೊಸರಿನ ಗಡಿಗೆಗಳ ಬುಟ್ಟಿ ಹೊತ್ತು ಹೊರಡುತ್ತಾರೆ. ಹದಿನೆಂಟು ಕಿಲೊ ಭಾರ, ನಲವತ್ತೊಂದು ಮನೆ.

ಬುಟ್ಟಿ ಹೊತ್ತವರು ಕೆಳಗೆ ನೋಡುವಂತಿಲ್ಲ. "ಕುತ್ತಿಗಿ ಬಗ್ಗಿಸಿದ್ರ ಮೊಸರು ಮಣ್ಣಪಾಲ್ರಿ. ಹೆಜ್ಜಿ ಎಣಿಸಿಕೋಂತ ನಡೀತೇನಿ," ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷದಿಂದ ಈ ನಡಿಗೆಯೇ ಅವರ ಮನೆ ನಡೆಸಿದೆ.

ಇದೇ ರೇಣವ್ವ ವಾರ್ಡ್ ಸಮಿತಿಯ ಸದಸ್ಯೆ ಎಂದರೆ ಮೊಸರು ಕೊಳ್ಳುವವರೇ ಹುಬ್ಬೇರಿಸುತ್ತಾರೆ. ನಾಗರಿಕರ ಸಮಿತಿ ಎಂದರೆ ಚಹಾ, ಚೂಡಾ, ಫೋಟೊ ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. ಮೊದಲ ಸಭೆಯಲ್ಲಿ ರೇಣವ್ವ ಕೂಡ ಎಲ್ಲರಂತೆ ಹೊಸ ಫುಟ್‌ಪಾತಿನ ನಕ್ಷೆಗೆ ಸಹಿ ಹಾಕಿ ಬಂದಿದ್ದರು. ಕೆಳಗೆ ಗಟಾರ, ಮೇಲೆ ಒಂದೂವರೆ ಅಡಿ ಎತ್ತರದ ಫುಟ್‌ಪಾತು. ಕಾಗದದ ಮೇಲೆ ಎತ್ತರ ಕಾಣುವುದಿಲ್ಲವಲ್ಲ. ಮಾದರಿಗೆಂದು ನಾಲ್ಕು ಮಾರು ಕಟ್ಟಿದ ಮರುದಿನವೇ ಅವರು ಅದಕ್ಕೆ ಎಡವಿದರು. ಎರಡು ಗಡಿಗೆ ಒಡೆದವು. ದಿನಾ ನಲವತ್ತೊಂದು ಸಲ ಹೀಗೆ ಹತ್ತಿ ಇಳಿಯುವುದೆಂದರೆ ವ್ಯಾಪಾರ ಮುಗಿದಂತೆಯೇ.

ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು, ಇಷ್ಟು ಎತ್ತರ ಬೇಡ ಎಂದರು. "ನೀವೂ ಸಹಿ ಮಾಡೀರಲ್ಲ ರೇಣವ್ವಾ," ಎಂದರು ಸಮಿತಿಯ ಹಿರಿಯ, ನಿವೃತ್ತ ಮಾಸ್ತರ ಪಂಢರಿನಾಥ.

"ಮಾಡೇನ್ರಿ. ತಿಳೀಲಾರದ ಮಾಡೇನಿ. ಈಗ ತಿಳದೈತಿ, ಅದಕ್ಕ ಹೇಳಾಕತ್ತೇನಿ."

ಅಷ್ಟಕ್ಕೇ ಬಿಡಲಿಲ್ಲ. ನಕ್ಷೆ ಮಾಡಿದ ಪಾಲಿಕೆಯ ಇಂಜಿನಿಯರ್ ಋತುಜಾ ಅವರನ್ನು ಮಾದರಿಯ ಹತ್ತಿರ ಕರೆದೊಯ್ದು, ಗಡಿಗೆಗಳಿಗೆ ನೀರು ತುಂಬಿ, ಬುಟ್ಟಿಯನ್ನು ಅವರ ತಲೆಗೇ ಏರಿಸಿದರು. "ಈಗ ಹತ್ರಿ ಮೇಡಂ. ಕೆಳಗ ನೋಡಬ್ಯಾಡ್ರಿ." ಋತುಜಾ ಕಾಲೆತ್ತಿ ತಡಕಾಡಿದರು, ಮತ್ತೆ ಇಳಿಸಿದರು. ನೀರು ಹೆಗಲ ಮೇಲೆ ತುಳುಕಿತು. "ನಕ್ಷೆ ಬದಲು ಮಾಡೋಣ್ರಿ," ಎಂದು ಅಲ್ಲೇ ಹೇಳಿದರು. "ಹದಿನಾಲ್ಕು ವರ್ಷದ ನೌಕರಿಯಾಗ ಇದನ್ನ ನನಗ ಯಾರೂ ಕಲಿಸಿದ್ದಿಲ್ಲ."

ಈಗ ಫುಟ್‌ಪಾತು ತಗ್ಗಿದೆ, ಪ್ರತಿ ಗೇಟಿನೆದುರು ಇಳಿಜಾರಿದೆ. ಕೋಲೂರಿ ಬರುವ ಅಜ್ಜಂದಿರೂ ಅದರ ಮೇಲೆಯೇ ನಡೆಯುತ್ತಾರೆ. ಸಮಿತಿಯ ಬಗ್ಗೆ ಆಡಿದ ಮಾತನ್ನು ನಾನು ಹಿಂತೆಗೆದುಕೊಂಡಿದ್ದೇನೆ. ರೇಣವ್ವನ ಬೇಡಿಕೆ ಇನ್ನೊಂದೇ: "ಸಭಾ ಸಂಜಿಮುಂದ ಇಡ್ರಿ. ಮುಂಜಾನೆ ಇಟ್ರ ನನ್ನ ಮೊಸರು ಹುಳಿ ಆಗ್ತೈತಿ."

ಇಳಿಜಾರಿನ ಮೇಲೆ ಅವರ ಜೊತೆ ನಡೆಯುತ್ತಿದ್ದೇನೆ. ಹೆಜ್ಜೆಯ ಎಣಿಕೆ ಕೇಳಿಸುತ್ತಿಲ್ಲ. ಯಾಕೆಂದು ಕೇಳಿದೆ.

"ಇಲ್ಲಿ ಯಾಕ ಎಣಿಸಬೇಕ್ರಿ? ಇದು ನಾನ ಹೇಳಿ ಮಾಡಿಸಿದ ದಾರಿ."