ತಂತಿಯ ತುದಿಗೊಂದು ಮಂಗಳ

ಹದಿನಾರು ವರ್ಷ ಒಮಾನಿನಲ್ಲಿ ನನ್ನ ಕೈಗೆ ಕೆಲಸವನ್ನೂ ತಟ್ಟೆಗೆ ಅನ್ನವನ್ನೂ ಕರುಣಿಸಿದ ಭಗವಂತನಿಗೆ ಮೊದಲ ವಂದನೆ. ಆ ಕೆಲಸ ಕಲಿಸಿದವರಿಗೂ, ನಾನು ಮೇಲೇರಿದಾಗ ಏಣಿಯ ಬುಡ ಹಿಡಿದು ನಿಂತವರಿಗೂ ಕೈಮುಗಿದು ಈ ಮಾತು ಬರೆಯುತ್ತಿದ್ದೇನೆ.

ಪಾಠಶಾಲೆಯಲ್ಲಿ ಓದಿದ್ದು ಸಂಸ್ಕೃತ. ಹೊಟ್ಟೆಪಾಡಿಗೆ ಕಲಿತದ್ದು ವಿದ್ಯುತ್ತು. ಎಂಬತ್ತರ ದಶಕದಲ್ಲಿ ಮಸ್ಕತ್ತಿನ ಘಾಲಾದ ಗೋದಾಮೊಂದಕ್ಕೆ ಸೇರಿದಾಗ ಕೆಲಸ ಸರಳವಿತ್ತು. ಊರಿನಿಂದ ತಂದ ಸಾಮಾನಿನ ಗುಂಡುಕಾಲಿನ ಪ್ಲಗ್ಗು ಇಲ್ಲಿಯ ಚಪ್ಪಟೆಕಾಲಿನ ಸಾಕೆಟ್ಟಿಗೆ ಹೋಗದು. ಅದನ್ನು ಕತ್ತರಿಸಿ ಇದನ್ನು ಕಟ್ಟುವುದು. ತೊಂಬತ್ತರ ಮೊದಲಲ್ಲಿ ಕಚೇರಿಗೆ ಏಳು ಕಂಪ್ಯೂಟರುಗಳು ಬಂದವು. ಟೀವಿ ಆಂಟೆನಾದ ತಂತಿಯಂತೆಯೇ ಕಾಣುವ, ಆದರೆ ಅದಲ್ಲದ ಕಪ್ಪು ಕೇಬಲ್ ಏಳನ್ನೂ ಒಂದೇ ಸಾಲಿನಲ್ಲಿ ಪೋಣಿಸುತ್ತಿತ್ತು. ಪ್ರತಿ ಯಂತ್ರದ ಬೆನ್ನಿಗೆ ತಿರುಚಿದರೆ ಕಚ್ಚಿಕೊಳ್ಳುವ ಮೂರು ಬಾಯಿಯ ಕನೆಕ್ಟರ್. ಸಾಲಿನ ಎರಡು ತುದಿಗೂ ಬೆರಳ ತುದಿಯಷ್ಟು ಲೋಹದ ಟೊಪ್ಪಿ. ಟರ್ಮಿನೇಟರ್ ಎಂದು ಅದರ ಹೆಸರು. ಅದಿಲ್ಲದಿದ್ದರೆ ತಂತಿಯಲ್ಲಿ ಹೋದ ಸಂಕೇತ ತುದಿಗೆ ಬಡಿದು ಹಿಂದಿರುಗಿ, ಎದುರು ಬರುವುದನ್ನೂ ಕೆಡಿಸುತ್ತದೆ. ಏಳೂ ಯಂತ್ರಗಳು ಮೂಕವಾಗುತ್ತವೆ. ಮಂಗಳ ಹಾಡದ ಪಾರಾಯಣ ಪೂರ್ಣವಾಗದಲ್ಲವೇ? ನಾನು ಆ ಟೊಪ್ಪಿಯನ್ನು ಮಂಗಳವೆಂದೇ ಕರೆದೆ.

ಕೇಬಲ್ ಎಳೆಯುತ್ತಿದ್ದ ನನ್ನ ಜೊತೆಗಾರರೊಬ್ಬರು ಉಳ್ಳಾಲ ಕಡೆಯ ಬ್ಯಾರಿ; ನಾನು ಅವರನ್ನು ಬ್ಯಾರಿಗಳೇ ಎಂದು ಕರೆಯುತ್ತಿದ್ದೆ. ಅವರು ನಕ್ಕರು. "ನಿಮ್ಮ ಮಂಗಳ ಇಲ್ಲಿ ಯಾರಿಗೆ ಅರ್ಥ ಆಗ್ತದೆ ಭಟ್ರೇ? ಲೈನು ಇಲ್ಲಿಗೆ ಖಲಾಸ್. ಖಲಾಸ್ ಅಂತಲೇ ಹೇಳುವ." ಮುಗಿಯಿತು ಎಂಬರ್ಥದ ಆ ಅರಬ್ಬಿ ಮಾತು ಅಲ್ಲಿ ಎಲ್ಲರ ನಾಲಿಗೆಯಲ್ಲೂ ಇತ್ತು. ಟೊಪ್ಪಿಗೆ ಅದೇ ಹೆಸರು ನಿಂತಿತು.

ಒಂದು ಶನಿವಾರ, ಗುರುವಾರ ಶುಕ್ರವಾರದ ರಜೆ ಕಳೆದ ವಾರದ ಮೊದಲ ದಿನ, ಏಳೂ ಯಂತ್ರಗಳು ಸತ್ತಂತಿದ್ದವು. ಇಬ್ರಾ ಪಟ್ಟಣಕ್ಕೆ ಹೊರಡಬೇಕಾದ ಲಾರಿಗಳು ಕಂಪ್ಯೂಟರಿನ ಚೀಟಿ ಇಲ್ಲದೆ ಅಂಗಳದಲ್ಲಿ ನಿಂತವು. ನಮ್ಮ ವೀಸಾಗಳಿಗೆ ಹೊಣೆಯಾದ ಕಫೀಲ್, ಒಮಾನಿ ಯಜಮಾನರು, ಬ್ಯಾರಿಗಳನ್ನು ಕರೆದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: "ಕೇಬಲ್ ಎಳೆದವನು ನೀನು. ಮಧ್ಯಾಹ್ನದ ನಮಾಜಿನೊಳಗೆ ಸರಿಯಾಗದಿದ್ದರೆ ಊರಿಗೆ ಹೋಗು." ಬ್ಯಾರಿಗಳ ವೀಸಾ ನವೀಕರಣದ ಕಾಗದ ಯಜಮಾನರ ಮೇಜಿನ ಮೇಲೆಯೇ ಸಹಿಗೆ ಕಾದಿತ್ತು.

ಇಬ್ಬರೂ ಮೊಣಕಾಲೂರಿ ಮೇಜುಗಳ ಕೆಳಗೆ ತೆವಳಿದೆವು. ಒಂದೊಂದು ಕನೆಕ್ಟರನ್ನೂ ಬಿಚ್ಚಿ, ಒರೆಸಿ, ಮತ್ತೆ ತಿರುಚಿದೆವು. ಆ ವೇಳೆಗಾಗಲೇ ನನ್ನ ಸೊಂಟ ಬಿದ್ದುಹೋಗಿತ್ತು. ಕಬ್ಬಿಣದ ಕಪಾಟಿನ ಹಿಂದಿದ್ದ ಸಾಲಿನ ತುದಿಯನ್ನು ಬುಧವಾರವಷ್ಟೇ ನಾನೇ ನೋಡಿದ್ದೆನಾದ್ದರಿಂದ, ಭಾರದ ಕಪಾಟನ್ನು ಮತ್ತೆ ಸರಿಸಲು ಮನಸ್ಸಾಗಲಿಲ್ಲ.

"ಎಂತ ಭಟ್ರೇ, ನಿಮ್ಮ ಮಂತ್ರವೂ ನಡೀಲಿಲ್ಲವಾ?"

"ಮಂತ್ರಕ್ಕೆ ತಪ್ಪಿಲ್ಲ ಬ್ಯಾರಿಗಳೇ, ಬೆನ್ನಿಗೆ ಪ್ರಾಯವಾಯಿತು."

ಅವರು ನಗಲಿಲ್ಲ.

ಆಗ ಕಚೇರಿ ಗುಡಿಸಿ ಚಹಾ ಕೊಡುತ್ತಿದ್ದ ಬಲೂಚಿ ಮುದುಕರೊಬ್ಬರು ಕೆಟಲು ಹಿಡಿದು ಬಂದರು. ಅದರ ಮುಚ್ಚಳದ ಗುಂಡಿ ಕಳಚಿಹೋಗಿ ತಿಂಗಳುಗಳಾಗಿದ್ದವು. ಅಂದು ಅಲ್ಲಿ ತಂತಿ ಸುತ್ತಿ ಬಿಗಿದ ಹೊಸ ಗುಂಡಿಯೊಂದು ಹೊಳೆಯುತ್ತಿತ್ತು. ನಾನು ಅದನ್ನೇ ನೋಡುತ್ತ ಕುಳಿತೆ.

ಬುಧವಾರ ಸಂಜೆ ಯಂತ್ರಗಳನ್ನು ಆರಿಸಿದ ಮೇಲೆ ನಾನು ಕಪಾಟು ಸರಿಸಿದ್ದಾಗ ಅವರು ಪೊರಕೆ ಹಿಡಿದು ನಿಂತು, ಆ ಟೊಪ್ಪಿ ತೋರಿಸಿ, ಇದೇನು ಎಂದು ಕೇಳಿದ್ದರು. ದಣಿದಿದ್ದ ನಾನು ತಲೆ ಎತ್ತದೆಯೇ "ಖಲಾಸ್" ಎಂದಿದ್ದೆ. ಕೆಲಸ ಮುಗಿದ ವಸ್ತು, ಇನ್ನು ಯಾರಿಗೂ ಬೇಡವೆಂದು ಅವರು ತಿಳಿದರು. ಕಪಾಟನ್ನು ಮತ್ತೆ ಗೋಡೆಗೆ ತಳ್ಳುವ ಮೊದಲು ಅದನ್ನು ಕಳಚಿ ತೆಗೆದುಕೊಂಡಿದ್ದರು.

"ನೀವೇ ಹೇಳಿದಿರಲ್ಲ," ಎಂದರು ಮುದುಕರು, ಗುಂಡಿ ಬಿಚ್ಚುತ್ತ.

ಹೌದು, ನಾನೇ ಹೇಳಿದ್ದೆ. ಮಾತು ಅಗ್ನಿಯಂತೆ, ಎಚ್ಚರದಿಂದ ಬಳಸು ಎಂದು ಬಾಲ್ಯದಲ್ಲಿ ಗುರುಗಳು ಹೇಳಿಕೊಟ್ಟದ್ದು ಐವತ್ತರ ಹತ್ತಿರ ಬಂದಾಗ ಅರ್ಥವಾಯಿತು. ಟೊಪ್ಪಿಯನ್ನು ಒರೆಸಿ ತುದಿಗೆ ತಿರುಚಿದೆವು. ಯಂತ್ರಗಳು ಒಂದೊಂದಾಗಿ ಎಚ್ಚೆತ್ತವು. ಮಧ್ಯಾಹ್ನದ ನಮಾಜಿನ ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಬ್ಯಾರಿಗಳ ಜೊತೆ ಯಜಮಾನರ ಕೋಣೆಗೆ ಹೋಗಿ, ಕೇಬಲಿನಲ್ಲಿ ದೋಷವಿಲ್ಲ, ಮುದುಕರದ್ದೂ ಅಲ್ಲ, ದೋಷ ನನ್ನ ನಾಲಿಗೆಯದು ಎಂದು ಇದ್ದದ್ದನ್ನು ಇದ್ದಂತೆ ಒಪ್ಪಿಸಿದೆ.

ಯಜಮಾನರು ಮೇಜಿನ ಮೇಲಿದ್ದ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. "ಖಲಾಸ್," ಎಂದರು.

ಬ್ಯಾರಿಗಳ ಮುಖ ಬಿಳಚಿತು. ತಮ್ಮ ಅನ್ನವೇ ಮುಗಿಯಿತೆಂದು ಅವರು ತಿಳಿದರು. ಯಜಮಾನರು ಪೆನ್ನು ತೆಗೆದು, ಕಾಗದಕ್ಕೆ ಸಹಿ ಹಾಕಿ ಅವರತ್ತ ತಳ್ಳಿದ ಮೇಲೆಯೇ ಮುಗಿದದ್ದು ವಿಚಾರಣೆ ಮಾತ್ರವೆಂದು ತಿಳಿಯಿತು.

ಮೆಟ್ಟಿಲಿಳಿಯುತ್ತ ಬ್ಯಾರಿಗಳೆಂದರು: "ಇನ್ನು ಮಂಗಳ ಅಂತಲೇ ಹೇಳುವ ಭಟ್ರೇ. ಅರ್ಥ ಆಗದಿದ್ದರೆ ಯಾರೂ ಬಿಚ್ಚಿಕೊಂಡು ಹೋಗುವುದಿಲ್ಲ."

ಕೆಟಲಿಗೆ ಒಂದು ಹಳೆಯ ಒಡಕು ಕನೆಕ್ಟರನ್ನು ಕಟ್ಟಿಕೊಟ್ಟೆವು. ಕೆಲವು ವರ್ಷಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪ್ಲಗ್ಗಿನ ಹೊಸ ಕೇಬಲುಗಳು ಬಂದು, ಪ್ರತಿ ಯಂತ್ರಕ್ಕೂ ತನ್ನದೇ ತಂತಿಯಾಗಿ, ಟೊಪ್ಪಿಗಳ ಕಾಲವೂ ಕಳೆಯಿತು.

ಆ ತಂತಿ ಎಳೆದ ಕೈಗಳು ನೋಯದಿರಲಿ. ಚಹಾ ಕೊಟ್ಟ ಮುದುಕರಿಗೆ ಪರದಲ್ಲಿ ನೆರಳಿರಲಿ. ಕೋಪವನ್ನು ನುಂಗಿ ಸಹಿ ಹಾಕಿದವರ ಮನೆ ತಣ್ಣಗಿರಲಿ. ಅವರೆಲ್ಲರಿಗೂ ಮಂಗಳವಾಗಲಿ.