ಮಾವನ ತಲೆ ಉಳಿಸಿದ ಕಿವಿ

ಗೆಳೆಯರೇ, ನಮ್ಮ ಸೋದರಮಾವನ ಎಡಗಿವಿ ಇವತ್ತು ಬದನೆಕಾಯಿಯಂತೆ ಊದಿದೆ. ಕಾರಣ ನಾನೇ. ಅದಕ್ಕೆ ಹೆಮ್ಮೆಯೂ ಇದೆ.

ಹೆಂಡತಿ ತೀರಿಕೊಂಡ ಮಾವನನ್ನು ನೋಡಲು ಹಂಗಳದಿಂದ ಹೆಣ್ಣಿನ ಕಡೆಯವರು ಇವತ್ತು ಗಾಡಿ ಕಟ್ಟಿಕೊಂಡು ಬರುವವರಿದ್ದರು. ಮಾವ ಗುಂಡ್ಲುಪೇಟೆ ಸಂತೆಯಿಂದ ಕೂದಲಿಗೆ ಹಚ್ಚುವ ಕಪ್ಪು ಪುಡಿ ತಂದಿದ್ದ. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಒಂದು ದಿನ ಕಾಯಬೇಕೆಂದು ಮಾರಿದವನೇ ಹೇಳಿದ್ದನಂತೆ. ನಿನ್ನೆ ತಲೆಗೆಲ್ಲ ಬಳಿದುಕೊಳ್ಳಲು ಹೊರಟ ಮಾವನನ್ನು ತಡೆದು, ನಾನು ಹಠ ಹಿಡಿದು ಎಡಗಿವಿಯ ಹಿಂದೆ ಅಷ್ಟೇ ಹಚ್ಚಿದೆ.

"ಇಸ್ಕೂಲು ಬುಟ್ಟೋನು ನಂಗೆ ಬುದ್ದಿ ಏಳ್ತೀಯೇನ್ಲಾ?" ಎಂದು ಬೈದ.

ಬೆಳಿಗ್ಗೆ ಕಿವಿ ಮುಟ್ಟಿ ನೋಡಿಕೊಂಡವನೇ ಪುಡಿಯನ್ನು ತಿಪ್ಪೆಗೆ ಎಸೆದ. ನೆರೆತ ತಲೆಗೆ ರುಮಾಲು ಸುತ್ತಿ ಕುಳಿತ.

"ಕಿವಿಗೇನಾಯ್ತಪ್ಪ?" ಗಾಡಿ ಇಳಿದು ಬಂದು ಕುಳಿತ ಹೆಣ್ಣಿನ ಅಜ್ಜಿ ಕೇಳಿದಳು.

"ಜೇನು ಕಚ್ತು ಕಣವ್ವ."

ನನಗೆ ತಡೆಯಲಾಗಲಿಲ್ಲ. "ಜೇನಲ್ಲ ಅಜ್ಜಿ, ಕೂದ್ಲಿಗೆ ಅಚ್ಚೋ ಕಪ್ಪು."

ಮಾವ ನನ್ನನ್ನು ನುಂಗುವಂತೆ ನೋಡಿದ. ಅಜ್ಜಿ ನಕ್ಕುಬಿಟ್ಟಳು. "ರುಮಾಲು ತೆಗಿ, ನೋಡನ. ಅಯ್ಯೋ, ಇಷ್ಟೇನಾ? ನಮ್ಮುಡುಗಿಗೂ ಅಲ್ಲಲ್ಲಿ ನೆರ್ತದೆ ಕಣಪ್ಪ. ಕಿವಿ ತೊಳ್ದು ಅರಿಶಿಣ ಅಚ್ಕೊ."

ಸಂಬಂಧ ಒಪ್ಪಿಗೆಯಾಯಿತು. ಮಾವ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮದುವೆಗೆ ಮೊದಲೇ ಅವನಿಗೆ ಅರಿಶಿನ ಹಚ್ಚಿಸಿದವನಿಗೆ ಒಂದು ಹೊಸ ಪಂಚೆಯಾದರೂ ಕೊಡಿಸಬೇಡವೇ?